ಕಣ್ಣು ತೋರಿಸಲು ಹೋದ ಶುಕ್ರವಾರ

ಜುಲೈ 6

ಬೆಳಕಿನ ದೊರೆಗಳಿಗೆ,

ಫೋನಿನಲ್ಲಿ ನಿನ್ನ ಬಾಯಿಂದ ಹೊರಡುವುದು ಎರಡೇ ಮಾತು, ‘ಹೂಂ’ ಮತ್ತು ‘ಆಮೇಲೆ ಮಾಡ್ತೀನಿ’. ನಿನ್ನ ಆ ಆಮೇಲೆ ಬರುವಷ್ಟರಲ್ಲಿ ನನ್ನ ತಲೆ ಪೂರ್ತಿ ಬೆಳ್ಳಗಾಗಿರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಉತ್ತರವನ್ನೂ ಕಾಗದದಲ್ಲೇ ಬರೆ. ಬರೀ ‘ಹೂಂ’ ಅಂತ ಬರೆದು ಲಕೋಟೆ ಅಂಟಿಸಲು ನಿನಗೇ ನಾಚಿಕೆಯಾಗಬೇಕು.

ಹಾಸ್ಟೆಲ್ಲಿಗೆ ಹೊಸ ಹುಡುಗಿಯರು ಬಂದಿಳಿದಿದ್ದಾರೆ. ಮೆಟ್ಟಿಲ ಮೇಲೆಲ್ಲ ಪೆಟ್ಟಿಗೆ, ಹಾಸಿಗೆ, ಬಕೆಟ್ಟು, ಅಳುವ ತಾಯಂದಿರು. ಹುಡುಗಿಯರು ಅಳುವುದಿಲ್ಲ, ಅವರಿಗೆ ಯಾವಾಗ ಇವರು ಹೋಗುತ್ತಾರೋ ಅಂತ ಅವಸರ. ವಾರ್ಡನ್ ಆದವಳ ಮೊದಲ ಕೆಲಸ ತಾಯಂದಿರಿಗೆ ನೀರು ಕೊಟ್ಟು, ಬೆನ್ನು ಸವರಿ, ಗೇಟಿನ ಆಚೆ ಬಿಡುವುದು.

ಲೈಬ್ರರಿಯಿಂದ ಹಾಸ್ಟೆಲ್ಲಿಗೆ ಬರುವ ದಾರಿಯಲ್ಲಿ ದೀಪ ಹಾಕಿಸಿ ಅಂತ ನಾನು ಆಫೀಸಿಗೆ ಅಲೆಯುತ್ತಿರುವುದು ನಿನಗೆ ಗೊತ್ತು. ಹೋದ ವರ್ಷ ಅಲ್ಲೇ ಒಬ್ಬ ನಮ್ಮ ಹುಡುಗಿಯ ಮೈಮೇಲೆ ಕೈ ಹಾಕಿದ್ದ. ಈ ಸಲ ಆಫೀಸಿನವರು ಕೊನೆಗೂ ಮನಸ್ಸು ಮಾಡಿದರು. ದೀಪ ಹಾಕಲಿಲ್ಲ, ಬೋರ್ಡು ಹಾಕಿದರು: ‘ವಿದ್ಯಾರ್ಥಿನಿಯರು ಕತ್ತಲಾದ ಮೇಲೆ ಒಬ್ಬರೇ ಓಡಾಡಬಾರದು.’ ಕೈ ಹಾಕಿದವನಿಗೆ ಬೋರ್ಡಿಲ್ಲ, ನಡೆದು ಹೋದವಳಿಗೆ ಬೋರ್ಡು. ನನಗೆ ಮೈಯೆಲ್ಲ ಉರಿದುಹೋಯಿತು. ಬಡಗಿಯನ್ನು ಕರೆಸಿ ಕೀಳಿಸಿದೆ. ರಿಜಿಸ್ಟ್ರಾರು ಸಿಕ್ಕಾಗ, “ಬೋರ್ಡು ಎಲ್ಲಿ ಹೋಯ್ತು ಮೇಡಂ?” ಅಂದರು. “ಜೋರು ಗಾಳಿ ಸಾರ್,” ಅಂದೆ. ಆ ಗಾಳಿಯ ಬೋರ್ಡು ಈಗ ನನ್ನ ಮಂಚದ ಕೆಳಗಿದೆ.

ನಾಟಕಕ್ಕೆ ಲೈಟು ಬಿಡುವವನು ನೀನು. ದಾರಿಗೆ ಎಂಥ ದೀಪ, ಎಷ್ಟು ಎತ್ತರದಲ್ಲಿ ಹಾಕಿಸಬೇಕು, ಬರೆದು ತಿಳಿಸು. ಇನ್ನು ನಿನ್ನ ತಲೆನೋವು. ಪುಸ್ತಕವನ್ನು ಮೂಗಿಗೆ ಒತ್ತಿಕೊಂಡು ಓದುವುದನ್ನು ರಜೆಯಲ್ಲಿ ನೋಡಿದ್ದೇನೆ. ನನ್ನ ಜೊತೆ ಓದಿದವಳು ನಿಮ್ಮ ಊರಿನಲ್ಲೇ ಕಣ್ಣಿನ ಡಾಕ್ಟರು. ನೀನು ಹೋಗದಿದ್ದರೆ ನಾನೇ ದಿನ ಗೊತ್ತುಮಾಡುತ್ತೇನೆ.

ನಿಮ್ಮ ತಂಡ ಇಲ್ಲಿಗೆ ನಾಟಕ ಆಡಲು ಬಂದು ಹೋದ ಮೇಲೆ ಮನೆ ಬಿಕೋ ಅನ್ನುತ್ತದೆ. ಕ್ಯಾಪ್ಟನ್ ಹೇಗಿದ್ದಾನೆ? ಊಟವಾದ ಮೇಲೆ ಯಾರೂ ಹೇಳದೆ ಎಲ್ಲರ ತಟ್ಟೆ ತೊಳೆದಿಟ್ಟ ಹುಡುಗ. ನಿನಗಿಂತ ಅವನೇ ನನ್ನನ್ನು ಬಾಯಿತುಂಬ ಅಮ್ಮ ಅಂತಾನೆ. ರೇಡಿಯೊ ಹೇಗಿದ್ದಾಳೆ? ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಎರಡು ದಿನ ಬಾಯಿ ಮುಚ್ಚಲಿಲ್ಲ. ನಾನು ಮಾತು ಸೋತಿದ್ದು ಬದುಕಿನಲ್ಲಿ ಅದೊಂದೇ ಸಲ.

ಅಪ್ಪ ಈ ಕಾಗದ ಓದಿ ಒತ್ತಕ್ಷರಗಳನ್ನು ತಿದ್ದಿದ್ದಾರೆ. ಪ್ರೆಸ್ಸಿನಲ್ಲಿ ಇಡೀ ದಿನ ಪ್ರೂಫ್ ನೋಡಿ ಬಂದರೂ ಆಸೆ ತೀರುವುದಿಲ್ಲ.

ನಿನ್ನ ತಲೆ ತಿನ್ನುವ,
ಅಮ್ಮ

ಜುಲೈ 19

ಅಮ್ಮ,

ಕೆಂಪು ಇಂಕಿನ ತಿದ್ದುಪಡಿಗಳ ಸಮೇತ ಕಾಗದ ತಲುಪಿತು. ಬೋರ್ಡನ್ನು ಮಂಚದ ಕೆಳಗೆ ಇಟ್ಟುಕೊಂಡಿರುವ ವಾರ್ಡನ್ ಅಂದರೆ ನೀನೊಬ್ಬಳೇ ಇರಬೇಕು.

ದೀಪದ ವಿಚಾರ. ಎತ್ತರದ ಕಂಬಕ್ಕೆ ಕಣ್ಣು ಕುಕ್ಕುವ ಒಂದು ದೊಡ್ಡ ದೀಪ ಹಾಕಲು ಮಾತ್ರ ಬಿಡಬೇಡ. ಅದರ ಕೆಳಗೆ ನಿಂತವಳು ಎಲ್ಲರಿಗೂ ಕಾಣುತ್ತಾಳೆ, ಅವಳಿಗೆ ಆಚೆ ಏನೂ ಕಾಣುವುದಿಲ್ಲ. ರಂಗದ ಮೇಲೆ ನಾವು ಮಾಡುವುದೇ ಅದು. ಮಂಕಾಗಿದ್ದರೂ ಸರಿ, ಸಾಲಾಗಿ ಹತ್ತಿರ ಹತ್ತಿರ ಹಾಕಿಸು. ಎದುರಿಗೆ ಬರುವವರ ಮುಖ ಗೊತ್ತಾದರೆ ಸಾಕು.

ಹೊಸ ನಾಟಕ ಶುರುವಾಗಿದೆ. ಕ್ಯಾಪ್ಟನ್ನೇ ನಿರ್ದೇಶಕ. ಈ ಸಲ ದೊಡ್ಡ ಸ್ಪರ್ಧೆಗೆ ಹೋಗಿ ಗೆದ್ದೇ ಬರಬೇಕು ಅಂತ ಎಲ್ಲರ ಬೆವರಿಳಿಸುತ್ತಿದ್ದಾನೆ. ರಂಗಮಂದಿರದ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಲೈಟಿನವನು ಮೊದಲು ಬರಬೇಕು, ಕೊನೆಗೆ ಹೋಗಬೇಕು, ಬೀಗದ ಕೈ ಯಾರ ಕೈಗೂ ಕೊಡಬಾರದು. ಇದು ಮೊದಲಿನಿಂದಲೂ ಇಲ್ಲಿಯ ನಿಯಮ. ಎಲ್ಲರೂ ಹೋದ ಮೇಲೆ ಗ್ರೀನ್ ರೂಮು, ಪರದೆಯ ಹಿಂದೆ, ಮೇಲಿನ ಅಟ್ಟ, ಎಲ್ಲ ನೋಡಿ, ದೀಪ ಆರಿಸಿ ಬೀಗ ಹಾಕುತ್ತೇನೆ. ಇವನನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳಬಹುದು ಅಂತ ತಮಾಷೆ ಮಾಡುತ್ತಾರೆ.

ರೇಡಿಯೊಗೆ ಮುಖ್ಯ ಪಾತ್ರ. ನಿನಗೆ ನಮಸ್ಕಾರ ಹೇಳಿದಳು. ಪೂರ್ತಿ ಹೇಳಿದ್ದನ್ನು ಬರೆದರೆ ಅಂಚೆ ಚೀಟಿ ಸಾಲದು.

ಕಣ್ಣು ಚೆನ್ನಾಗಿದೆ.

ನಿನ್ನ ಮಗ

ಆಗಸ್ಟ್ 3

ಕಣ್ಣು ಚೆನ್ನಾಗಿರುವ ಮಹಾಶಯರಿಗೆ,

ಆಗಸ್ಟ್ 14, ಶುಕ್ರವಾರ ಸಂಜೆ ಡಾಕ್ಟರಮ್ಮನ ಹತ್ತಿರ ಹೋಗಬೇಕು. ಹೇಳಿಬಿಟ್ಟಿದ್ದೇನೆ. “ಅವತ್ತು ತಾಲೀಮಿದೆ, ನಿಯಮವಿದೆ” ಅಂತ ರಾಗ ತೆಗೆಯಬೇಡ. ಒಂದು ಸಂಜೆ ನೀನಿಲ್ಲದಿದ್ದರೆ ರಂಗಮಂದಿರ ಎಲ್ಲೂ ಓಡಿಹೋಗುವುದಿಲ್ಲ. ಹೋಗದಿದ್ದರೆ ಅವಳ ಮುಂದೆ ನನ್ನ ಮರ್ಯಾದೆ ಉಳಿಯುವುದಿಲ್ಲ.

ನೀನು ಬರೆದದ್ದನ್ನು ರಿಜಿಸ್ಟ್ರಾರರ ಮುಂದಿಟ್ಟೆ. ‘ಪರಿಶೀಲಿಸುತ್ತೇವೆ’ ಅಂದರು. ಬೋರ್ಡು ಹಾಕುವಾಗ ಯಾರೂ ಏನೂ ಪರಿಶೀಲಿಸಿರಲಿಲ್ಲ.

ಅಮ್ಮ

ಆಗಸ್ಟ್ 20

ಅಮ್ಮ,

ಹೋಗಿ ಬಂದೆ. ಕನ್ನಡಕ ಬೇಕಂತೆ. ನಿನ್ನ ಗೆಳತಿ ಕಣ್ಣಿಗೆ ಔಷಧಿ ಬಿಟ್ಟದ್ದಕ್ಕೆ ಮಾರನೆಯ ದಿನದವರೆಗೆ ಎಲ್ಲ ಮಂಜಾಗಿ ಕಾಣುತ್ತಿತ್ತು. ಈಗ ಸರಿಯಾಗಿದೆ.

ಬೇರೆ ಏನೂ ವಿಶೇಷವಿಲ್ಲ.

ನಿನ್ನ ಮಗ

ಆಗಸ್ಟ್ 28

ಮಗನೇ,

ಇದು ಕಾಗದವೋ ಔಷಧಿ ಚೀಟಿಯೋ? ಅಪ್ಪನಿಗೆ ತಿದ್ದಲು ಏನೂ ಸಿಗದೆ ಬೇಜಾರಾಯಿತು.

ಕನ್ನಡಕದಲ್ಲಿ ಹೇಗೆ ಕಾಣುತ್ತೀಯ? ರೇಡಿಯೊ ಏನಂದಳು? ಅವಳು ಒಂದು ಹೆಸರು ಇಟ್ಟೇ ಇಟ್ಟಿರುತ್ತಾಳೆ, ಬರೆ.

ಅಮ್ಮ

ಸೆಪ್ಟೆಂಬರ್ 15

ಅಮ್ಮ,

ಬರೆಯುವುದು ತಡವಾಯಿತು. ತಾಲೀಮು ನಿಂತಿದೆ. ನಮ್ಮಲ್ಲಿ ಒಂದು ದೂರು ಬಂದಿದೆ. ಕ್ಯಾಪ್ಟನ್ ಮೇಲೆ. ಎಂಥ ದೂರು ಅಂತ ನಿನಗೆ ಅರ್ಥವಾಗುತ್ತದೆ. ಅವನು ಹಾಗೆ ಮಾಡುವವನಲ್ಲ, ಅದೂ ನಿನಗೆ ಗೊತ್ತು. ಯಾವಾಗಲೋ ಆಯಿತಂತೆ, ಈಗ ಬಂದು ಹೇಳುತ್ತಿದ್ದಾರೆ.

ಸಮಿತಿಯವರು ನನ್ನನ್ನೂ ಕರೆದಿದ್ದಾರೆ. ನಿನ್ನ ವಿಶ್ವವಿದ್ಯಾಲಯದಲ್ಲಿ ನೀನೂ ಅಂಥ ಸಮಿತಿಯಲ್ಲಿ ಕೂರುತ್ತೀಯಲ್ಲ. ಸಾಕ್ಷಿ ಹೇಳುವವರನ್ನು ಏನೇನು ಕೇಳುತ್ತಾರೆ? ಹೇಗೆ ಮಾತಾಡಬೇಕು? ಬೇಗ ಬರೆ.

ನಿನ್ನ ಮಗ

ಸೆಪ್ಟೆಂಬರ್ 18

ಮಗನೇ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕ್ಯಾಪ್ಟನ್ ಮೇಲೆ ಅಂದರೆ ನಂಬಲು ಮನಸ್ಸೇ ಒಪ್ಪುವುದಿಲ್ಲ. ಆದರೆ ಆ ಸಮಿತಿಯ ಮೇಜಿನ ಮುಂದೆ ಇಷ್ಟು ವರ್ಷ ಕೂತವಳು ನಾನು. ಮನಸ್ಸು ಒಪ್ಪುವುದಿಲ್ಲ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಅಲ್ಲೇ ಕಲಿತಿದ್ದೇನೆ.

ಕೇಳಿದೆಯಲ್ಲ, ಹೇಳುತ್ತೇನೆ. ಹೆದರಬೇಡ. ಕಂಡದ್ದನ್ನು ಮಾತ್ರ ಹೇಳು, ಅಂದಾಜು ಸೇರಿಸಬೇಡ. ಚಿಕ್ಕದಾಗಿ ಹೇಳು. ಕೇಳದ್ದಕ್ಕೆ ಉದ್ದುದ್ದ ಉತ್ತರ ಕೊಡಬೇಡ. ನಿನ್ನ ದಿನದ ಅಭ್ಯಾಸ ಏನು ಅನ್ನುವುದರಿಂದ ಶುರು ಮಾಡು. ಅಭ್ಯಾಸ ಗಟ್ಟಿ ಇದ್ದವನ ಮಾತಿಗೆ ಸಮಿತಿಯಲ್ಲಿ ತೂಕ ಇರುತ್ತದೆ.

ಇನ್ನೊಂದು. ದೂರು ಕೊಟ್ಟವಳು ಯಾರಾದರೂ ಆಗಿರಲಿ, ‘ಇಷ್ಟು ದಿನ ಯಾಕೆ ಸುಮ್ಮನಿದ್ದೆ’ ಅಂತ ನೀವು ಯಾರೂ ಕೇಳಬೇಡಿ. ನನ್ನ ಕೋಣೆಗೆ ಬರುವ ಹುಡುಗಿಯರು ಮೊದಲ ದಿನ ನಲ್ಲಿ ಕೆಟ್ಟಿದೆ ಅಂತ ಬರುತ್ತಾರೆ. ಎರಡನೆಯ ಸಲ ಬಲ್ಬು ಹೋಗಿದೆ ಅಂತ ಬರುತ್ತಾರೆ. ಇವಳು ಬೈಯುತ್ತಾಳೋ ಕೇಳುತ್ತಾಳೋ ಅಂತ ನೋಡಿ ನೋಡಿ, ಆಮೇಲೆ ಬಾಯಿಬಿಡುತ್ತಾರೆ. ಆಗ ನಾನು ಕೇಳುವುದು ಒಂದೇ, ‘ಈಗ ನಿನಗೆ ಏನು ಬೇಕು?’ ಡಾಕ್ಟರೋ, ಪೊಲೀಸೋ, ಬರೀ ಬಾಗಿಲು ಹಾಕಿಕೊಂಡು ಮಲಗಲು ಒಂದು ಕೋಣೆಯೋ, ಅವಳು ಹೇಳಿದ್ದು.

ರೇಡಿಯೊ ವಿಷಯ ಹೋದ ಸಲವೇ ಕೇಳಿದ್ದೆ. ನೀನು ಬರೆಯಲಿಲ್ಲ.

ಅಮ್ಮ

ಅಕ್ಟೋಬರ್ 1

ಅಮ್ಮ,

ಸಮಿತಿಯ ಮುಂದೆ ಹೋಗಿ ಬಂದೆ. ನೀನು ಹೇಳಿದ ಹಾಗೇ ಮಾತಾಡಿದೆ. ದಿನದ ಅಭ್ಯಾಸದಿಂದ ಶುರು ಮಾಡಿದೆ. ಕೊನೆಗೆ ಹೊರಡುವುದು ನಾನು, ಗ್ರೀನ್ ರೂಮು ನೋಡಿ ಬೀಗ ಹಾಕುವುದು ನಾನು, ಬೀಗದ ಕೈ ಯಾರಿಗೂ ಕೊಡುವುದಿಲ್ಲ ಅಂದೆ. ದೂರಿನಲ್ಲಿ ಇರುವುದು ಆಗಸ್ಟ್ 14ರ ಸಂಜೆ. ಅವತ್ತೂ ಹಾಗೇನಾ ಅಂದರು. ಹೌದು, ಎಲ್ಲರೂ ಹೋದ ಮೇಲೆ ನಾನೇ ಬೀಗ ಹಾಕಿದೆ ಅಂದೆ. ಅಷ್ಟೇ. ಅಧ್ಯಕ್ಷರು ಹಳೆಯ ಪ್ರೊಫೆಸರು, ನನ್ನನ್ನು ಎರಡು ವರ್ಷದಿಂದ ನೋಡಿದವರು. “ಇವನು ತಪ್ಪಿಸಿದ್ದು ನಾನು ಕಂಡಿಲ್ಲ,” ಅಂದರು. ನವೆಂಬರ್ ಮೊದಲ ವಾರ ಮುಗಿಸಿಬಿಡುತ್ತಾರಂತೆ.

ಕ್ಯಾಪ್ಟನ್ ನಿನಗೆ ಥ್ಯಾಂಕ್ಸ್ ಹೇಳಿದ. “ನಿಮ್ಮಮ್ಮನೇ ನನ್ನ ಉಳಿಸಿದ್ದು ಕಣೋ,” ಅಂದ.

ತಾಲೀಮು ಮತ್ತೆ ಶುರುವಾಗಿದೆ. ರೇಡಿಯೊ ನಾಟಕ ಬಿಟ್ಟಿದ್ದಾಳೆ. ಅವಳ ಪಾತ್ರಕ್ಕೆ ಬೇರೆಯವರು ಬಂದಿದ್ದಾರೆ.

ನಿನ್ನ ಮಗ

ಅಕ್ಟೋಬರ್ 6

ಮಗನೇ,

ಕಾಗದವನ್ನು ಓದಿ, ಮಡಚಿಟ್ಟು, ಹಾಸ್ಟೆಲ್ಲಿನ ನೀರಿನ ತೊಟ್ಟಿ ತೊಳೆಸಲು ಹೋದೆ. ತೊಟ್ಟಿಯ ಪಕ್ಕದಿಂದ ಓಡಿ ಬಂದು, ಮತ್ತೆ ಬಿಚ್ಚಿ ತಾರೀಕು ನೋಡಿದೆ.

ಆಗಸ್ಟ್ 14 ಶುಕ್ರವಾರ. ಆ ದಿನ ಗೊತ್ತುಮಾಡಿದವಳು ನಾನು. ಆ ಸಂಜೆ ನೀನು ನನ್ನ ಗೆಳತಿಯ ಆಸ್ಪತ್ರೆಯ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ, ಕಣ್ಣಿಗೆ ಔಷಧಿ ಬಿಡಿಸಿಕೊಂಡು ಕೂತಿದ್ದೆ. “ನಿನ್ನ ಮಗ ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡುಬಿಡ್ತಾನೆ ಕಣೇ,” ಅಂತ ಅವಳು ಆಗಲೇ ಫೋನು ಮಾಡಿ ನಕ್ಕಿದ್ದಳು.

ಹಾಗಾದರೆ ಅವತ್ತು ಬೀಗ ಹಾಕಿದವರು ಯಾರು?

ನೀನು ತಾರೀಕು ಬರೆಯದೆ ಇದ್ದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಬರೆಯಲೇಬೇಕಾಗಿಯೂ ಇರಲಿಲ್ಲ. ಅಮ್ಮನಿಗೆ ತಿಳಿಯಲಿ ಅಂತಲೇ ಬರೆದೆ ಅಂದುಕೊಳ್ಳುತ್ತೇನೆ. ನನಗೆ ಹಿಡಿದುಕೊಳ್ಳಲು ಈಗ ಇರುವುದು ಅದೊಂದೇ.

ರೇಡಿಯೊ ಯಾಕೆ ನಾಟಕ ಬಿಟ್ಟಳು ಅಂತ ನಾನು ಕೇಳುವುದಿಲ್ಲ. ಗೊತ್ತಾಯಿತು. ಮೊದಲು ಕೇಳಿದಾಗ ನೀನು ಆ ಹೆಸರನ್ನೇ ದಾಟಿಕೊಂಡು ಹೋದೆ, ಎರಡನೆಯ ಸಲ ಕೊನೆಯಲ್ಲಿ ಎರಡು ಸಾಲು ಬರೆದು ಮುಗಿಸಿದೆ.

ಏನು ನಡೆಯಿತೋ ಎಲ್ಲ ಬರೆ.

ಅಮ್ಮ

ಅಕ್ಟೋಬರ್ 17

ಅಮ್ಮ,

ಹತ್ತು ಸಲ ಬರೆದು ಹರಿದು ಹಾಕಿದ್ದೇನೆ.

ಅವತ್ತು ತಾಲೀಮು ಮುಗಿಯುವ ಮೊದಲೇ ಹೊರಡಬೇಕಾಯಿತು. “ಹೋಗೋ, ಅಮ್ಮ ಬೈತಾರೆ, ಬೀಗ ನಾನು ಹಾಕ್ತೀನಿ,” ಅಂತ ಕ್ಯಾಪ್ಟನ್ ಬೀಗದ ಕೈ ಇಸಿದುಕೊಂಡ. ರೇಡಿಯೊಗೆ, “ನೀನು ಇರು, ನಿನ್ನ ಕೊನೆಯ ದೃಶ್ಯ ಇನ್ನೊಂದು ಸಲ ನೋಡೋಣ,” ಅಂದ. ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ನಾನು ಹೊರಟೆ.

ಡಾಕ್ಟರ ಹತ್ತಿರದಿಂದ ಬರುವಾಗ ದೀಪ ಹತ್ತುವ ಹೊತ್ತು. ಒಂದೊಂದು ದೀಪವೂ ಕಣ್ಣಿಗೆ ಚುಚ್ಚುತ್ತಿತ್ತು. ಗೇಟಿನ ಪಕ್ಕದ ಚಹಾ ಅಂಗಡಿಯಲ್ಲಿ ಕೂತೆ. ಅಲ್ಲಿಂದ ಗ್ರೀನ್ ರೂಮಿನ ಕಿಟಕಿ ಕಾಣುತ್ತದೆ. ದೀಪ ಉರಿಯುತ್ತಿತ್ತು. ಆಮೇಲೆ ಆರಿತು. ಸ್ವಲ್ಪ ಹೊತ್ತಿಗೆ ರೇಡಿಯೊ ಹಿಂದಿನ ಬಾಗಿಲಿನಿಂದ ಒಬ್ಬಳೇ ಬಂದಳು. ದುಪಟ್ಟಾದ ಒಂದು ತುದಿ ನೆಲದ ಮೇಲೆ ಎಳೆಯುತ್ತಿತ್ತು, ಅವಳು ಎತ್ತಿಕೊಳ್ಳಲಿಲ್ಲ. “ಏಯ್ ರೇಡಿಯೊ” ಅಂತ ಕೂಗಿದೆ. ತಿರುಗಿ ನೋಡದೆ ನನ್ನ ಮುಂದೆಯೇ ಹೋದಳು. ನಾನು ಕೂತೇ ಇದ್ದೆ.

ಆಮೇಲೆ ಕ್ಯಾಪ್ಟನ್ ಬಂದ. ಬೀಗದ ಕೈ ಕೊಟ್ಟ. ಕಣ್ಣು ಹೇಗಿದೆಯೋ ಅಂದ. ನನಗೊಂದು ಚಹಾ ಹೇಳಿದ. ನಾನು ಕುಡಿದೆ.

ದೂರು ಬಂದಾಗ ನನಗೆ ಮೊದಲು ಹೆದರಿಕೆಯಾದದ್ದು ಬೀಗದ ಕೈಗೆ. ಅದನ್ನು ಕೊಟ್ಟದ್ದು ಗೊತ್ತಾದರೆ ನನ್ನನ್ನು ತೆಗೆದುಹಾಕುತ್ತಾರೆ ಅಂತ. ಎಷ್ಟು ಸಣ್ಣ ಯೋಚನೆ ನೋಡು. ಆಮೇಲೆ ಅವನು ಬಂದು, “ನೀನೇ ಬೀಗ ಹಾಕಿದೆ ಅಂತ ಹೇಳು ಸಾಕು, ನಿನ್ನ ಮಾತು ಯಾರೂ ತೆಗೆದುಹಾಕಲ್ಲ. ಪಾತ್ರ ಬದಲಾಯಿಸ್ತೀನಿ ಅಂದಿದ್ದಕ್ಕೆ ಅವಳಿಗೆ ಕೋಪ, ಅಷ್ಟೇ,” ಅಂದ. ನಾನು ಹೊಸಬನಾಗಿದ್ದಾಗ ಸೀನಿಯರುಗಳು ನನ್ನನ್ನು ಗೋಳು ಹುಯ್ದುಕೊಳ್ಳುತ್ತಿದ್ದರು. ಅವನು ಬಂದು ನನ್ನ ಪಕ್ಕ ಹಾಸಿಗೆ ಹಾಕಿ ಒಂದು ವಾರ ಮಲಗಿದ್ದ. ಅಂಥವನು ಅಮ್ಮ. ನಿನಗೂ ಅವನು ಗೊತ್ತಲ್ಲ.

ಮತ್ತೆ ನನ್ನ ಕಣ್ಣಿಗೆ ಔಷಧಿ ಹಾಕಿದ್ದರು. ಎಲ್ಲ ಮಂಜಾಗಿತ್ತು. ನಾನು ಏನು ನೋಡಿದೆ ಅಂತ ಗಟ್ಟಿಯಾಗಿ ಹೇಗೆ ಹೇಳಲಿ?

ನಿನ್ನ ಮಗ

ಅಕ್ಟೋಬರ್ 21

ಮಗನೇ,

ನೀನು ಅವಳ ಹೆಸರು ಹಿಡಿದು ಕೂಗಿದೆ. ಮಂಜಿನಲ್ಲೂ ಅವಳು ಯಾರು ಅಂತ ನಿನಗೆ ಗೊತ್ತಾಗಿತ್ತು. ದುಪಟ್ಟಾದ ತುದಿ ಕೂಡ ಕಂಡಿತ್ತು. ಕಣ್ಣಿನ ಮೇಲೆ ಹಾಕಬೇಡ.

ನನಗೆ ಅವನು ಗೊತ್ತು, ಹೌದು. ತಟ್ಟೆ ತೊಳೆದಿಟ್ಟದ್ದೂ ನಿಜ, ನಿನ್ನ ಪಕ್ಕ ಮಲಗಿ ಕಾದದ್ದೂ ನಿಜ. ನಿನಗೆ ಒಳ್ಳೆಯವನಾದ ಮಾತ್ರಕ್ಕೆ ಅವಳಿಗೂ ಒಳ್ಳೆಯವನಾದನೇ? ನಾನು ಎರಡು ವರ್ಷದಿಂದ ದಾರಿಗೆ ದೀಪ ದೀಪ ಅಂತ ಬಡಿದಾಡುತ್ತಿದ್ದೇನೆ. ಇದು ಆದದ್ದು ಕತ್ತಲ ದಾರಿಯಲ್ಲಿ ಅಲ್ಲ. ದೀಪ ಉರಿಯುವ ಕೋಣೆಯಲ್ಲಿ, ನಾವೆಲ್ಲ ಹೊಗಳುವ ಹುಡುಗನಿಂದ, ನೀನು ಕೊಟ್ಟ ಬೀಗದ ಕೈಯಿಂದ. ನನ್ನ ಸಮಿತಿಗೆ ಬಂದ ದೂರುಗಳಲ್ಲೂ ಗುರುತು ಪರಿಚಯವಿಲ್ಲದವನು ಅಪರೂಪ. ಗೊತ್ತಿದ್ದೂ ನಾನು ಕಂಬದ ಹಿಂದೆಯೇ ಓಡುತ್ತಿದ್ದೆ, ಕಂಬ ಕೇಳುವುದು ಸುಲಭ ನೋಡು.

ಬೀಗದ ಕೈ ಕೊಟ್ಟದ್ದನ್ನು ನಾನು ತಪ್ಪು ಅನ್ನುವುದಿಲ್ಲ. ನಿನ್ನನ್ನು ಅಲ್ಲಿಂದ ಎಬ್ಬಿಸಿ ಕಳಿಸಿದವಳೇ ನಾನು. ಆಮೇಲೆ ಸಮಿತಿಯ ಮುಂದೆ ಕೂತು ಹೇಳಿದ್ದು ಬೇರೆ. ಅದನ್ನು ಹೇಗೆ ಹೇಳಬೇಕು ಅಂತ ಕಲಿಸಿಕೊಟ್ಟವಳೂ ನಾನೇ. ನಾನು ಬರೆದ ಮಾತುಗಳನ್ನೇ ಹಿಡಿದುಕೊಂಡು ಹೋಗಿ ಆ ಮಗುವಿನ ಬಾಯಿ ಮುಚ್ಚಿಸಿದ್ದೀಯ. ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿದ್ದ ಮಗು. ಆ ಕಟ್ಟೆಯ ಹತ್ತಿರ ನಿಂತು ಅಡುಗೆ ಮಾಡಲು ನನಗೆ ಆಗುತ್ತಿಲ್ಲ ಕಣೋ.

ಅಪ್ಪನಿಗೆ ಎಲ್ಲ ಹೇಳಿದೆ. ಮೊದಲು, “ಹುಡುಗನ ಓದು ಹಾಳಾಗುತ್ತೆ, ಇಷ್ಟಕ್ಕೇ ಬಿಡು,” ಅಂದರು. ಜಗಳವಾಯಿತು. ನಿನ್ನೆ ತಾವಾಗಿ ಬಂದು, “ಆ ಹುಡುಗಿಯ ಓದು?” ಅಂದರು. ಈ ಕಾಗದವನ್ನೂ ಓದಲು ಕೊಟ್ಟೆ. ಪೆನ್ನು ಕೈಯಲ್ಲಿ ಹಿಡಿದೇ ಕೂತಿದ್ದರು. ಏನೂ ತಿದ್ದಲಿಲ್ಲ.

ನವೆಂಬರ್ ಮೊದಲ ವಾರ ಮುಗಿಸುತ್ತಾರೆ ಅಂದಿದ್ದೀಯ. ಅದಕ್ಕೆ ಮೊದಲು ನೀನು ಹೋಗಿ ಹೇಳಿದ್ದು ಸುಳ್ಳು ಅಂತ ಹೇಳಬೇಕು. ನೀನು ಹೋಗದಿದ್ದರೆ ನಾನು ಬರುತ್ತೇನೆ. ಡಾಕ್ಟರಮ್ಮನನ್ನು ಕರೆದುಕೊಂಡು, ಇವನು ನನ್ನ ಮಗ, ಅವತ್ತು ಇವನು ಅಲ್ಲಿರಲಿಲ್ಲ ಅಂತ ನಾನೇ ಹೇಳುತ್ತೇನೆ. ಬೆದರಿಕೆ ಅಂತ ತಿಳಿದರೆ ತಿಳಿದುಕೋ. ನೀನೇ ಹೋಗಲಿ ಅಂತ ನನಗೆ ಎಷ್ಟು ಆಸೆ ಇದೆ ಅನ್ನುವುದು ಮಾತ್ರ ನಿನಗೆ ಗೊತ್ತಿರಲಿ.

ಅಮ್ಮ

ಅಕ್ಟೋಬರ್ 25

ಅಮ್ಮ,

ಬರಬೇಡ.

ನನ್ನನ್ನು ವಿಶ್ವವಿದ್ಯಾಲಯದಿಂದ ತೆಗೆದರೆ? ಇಲ್ಲಿ ನನಗೆ ಇರುವ ಸ್ನೇಹಿತರೆಲ್ಲ ಈ ತಂಡದವರೇ. ಒಂದೇ ಹಾಸ್ಟೆಲ್ಲಿನಲ್ಲಿ ಇರಬೇಕು, ಒಂದೇ ಮೇಜಿನಲ್ಲಿ ಉಣ್ಣಬೇಕು. ನೀನು ಹೇಳಿ ಊರಿಗೆ ಹೋಗಿಬಿಡುತ್ತೀಯ. ಆಮೇಲೆ ಇಲ್ಲಿ ಇರಬೇಕಾದವನು ನಾನು.

ಸ್ವಲ್ಪ ಯೋಚಿಸಲು ಬಿಡು.

ನಿನ್ನ ಮಗ

ಅಕ್ಟೋಬರ್ 28

ಮಗನೇ,

ಅವಳೂ ಅದೇ ಊಟದ ಮನೆಗೆ ಬರಬೇಕಲ್ಲವೇ? ಯಾವ ಮೇಜಿನಲ್ಲಿ ಕೂರುತ್ತಾಳೆ, ಯಾವತ್ತಾದರೂ ನೋಡಿದೆಯಾ?

ಸೋಮವಾರದ ಬಸ್ಸಿಗೆ ಚೀಟಿ ತೆಗೆಸಿದ್ದೇನೆ. ಅದನ್ನು ವಾಪಸು ಕೊಡುವುದು, ಬಿಡುವುದು ನಿನ್ನ ಕೈಯಲ್ಲಿದೆ.

ಅಮ್ಮ

ನವೆಂಬರ್ 4

ಅಮ್ಮ,

ಹೋಗಿ ಹೇಳಿದೆ, ಬರಬೇಡ ಅಂತ ಶನಿವಾರ ಫೋನಿನಲ್ಲಿ ಅಂದೆನಲ್ಲ, ಉಳಿದದ್ದು ಈಗ ಬರೆಯುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ನೀನು ಬಂದರೆ ಎದುರು ನಿಲ್ಲಲಾರೆ ಅಂತ ಶನಿವಾರವೇ ಹೋದೆ ಅಂತ ಮೊದಲು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಊಟದ ಮನೆ. ನಿನ್ನ ಕಾಗದ ಬಂದ ದಿನ ನೋಡಿದೆ. ಕೈ ತೊಳೆಯುವ ನಲ್ಲಿಯ ಪಕ್ಕ ಗೋಡೆಗೆ ಮುಖ ಮಾಡಿ ಒಬ್ಬಳೇ ಕೂತಿದ್ದಳು. ಎರಡು ತುತ್ತು ತಿಂದು ಎದ್ದುಹೋದಳು. ನಮ್ಮ ಮೇಜಿನಲ್ಲಿ ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ ಅಮ್ಮ. ನಕ್ಕ ಮೇಲೆ ಗೊತ್ತಾಯಿತು. ತಟ್ಟೆ ಬಿಟ್ಟು ಎದ್ದೆ.

ಅಧ್ಯಕ್ಷರು ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. “ನಿನ್ನ ಮಾತು ನಂಬಿ ನಾನು ಆ ಹುಡುಗಿಗೆ ಏನೇನೋ ಪ್ರಶ್ನೆ ಕೇಳಿದೆನಲ್ಲಯ್ಯಾ,” ಅಂದರು. ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರಮ್ಮನನ್ನೂ ಚಹಾ ಅಂಗಡಿಯವನನ್ನೂ ಕೇಳುತ್ತಾರಂತೆ. ಕ್ಯಾಪ್ಟನ್ನನ್ನು ಹಾಸ್ಟೆಲ್ಲಿನಿಂದ ಹೊರಗೆ ಹಾಕಿದ್ದಾರೆ, ಕ್ಯಾಂಪಸ್ಸಿಗೆ ಕಾಲಿಡಬಾರದು ಅಂತ ಆದೇಶವಾಗಿದೆ. ಸುಳ್ಳು ಹೇಳಿದ್ದಕ್ಕೆ ನನಗೆ ಏನು ಶಿಕ್ಷೆ ಅಂತ ಇನ್ನೂ ತೀರ್ಮಾನವಾಗಿಲ್ಲ. ಬೀಗದ ಕೈ ಅವರ ಮೇಜಿನ ಮೇಲೆ ಇಟ್ಟು ಬಂದೆ.

ಅವನು ಹೋಗುವಾಗ ಮೆಟ್ಟಿಲ ಹತ್ತಿರ ಸಿಕ್ಕ. ಹೊಡೆಯುತ್ತಾನೆ ಅಂದುಕೊಂಡೆ. “ಅಮ್ಮನ್ನ ಕೇಳಿದೆ ಅಂತ ಹೇಳು,” ಅಂದ. ಇಲ್ಲ, ಹೇಳಲ್ಲ ಅಂದೆ. ಈಗ ನಿನಗೆ ಬರೆಯುತ್ತಿದ್ದೇನೆ, ಅದು ಬೇರೆ.

ಊಟದ ಮೇಜಿನಲ್ಲಿ ನಾನು ಕೂತರೆ ಎಲ್ಲರೂ ಏಳುತ್ತಾರೆ. ಇರಲಿ.

ಅವಳ ಹತ್ತಿರ ಹೋಗಿ ತಪ್ಪಾಯಿತು ಅನ್ನಲೇ?

ನಿನ್ನ ಮಗ

ನವೆಂಬರ್ 9

ನನ್ನ ಮಗನೇ,

ಬಸ್ಸಿನ ಚೀಟಿ ವಾಪಸು ಕೊಡಲಿಲ್ಲ. ಭಾನುವಾರಕ್ಕೆ ಬದಲಾಯಿಸಿದ್ದೇನೆ. ಆ ಊಟದ ಮೇಜಿನಲ್ಲಿ ಒಂದು ದಿನವಾದರೂ ನಿನ್ನ ಎದುರು ಯಾರಾದರೂ ಕೂತಿರಲಿ. ಅಪ್ಪನೂ ಬರುತ್ತಾರಂತೆ, ಪ್ರೆಸ್ಸಿಗೆ ರಜೆ ಹಾಕಿ.

ಅವಳ ಹತ್ತಿರ ಹೋಗಬೇಡ. ತಪ್ಪಾಯಿತು ಅಂದರೆ ಹಗುರವಾಗುವುದು ನಿನ್ನ ಎದೆ. ಅದನ್ನು ಅವಳ ಮೇಲೆ ಹೊರಿಸಬೇಡ. ಅವಳಾಗಿ ಕರೆದರೆ ಹೋಗು. ಇಲ್ಲದಿದ್ದರೆ ಅವಳು ನಡೆಯುವ ದಾರಿಯನ್ನು ಅವಳಿಗೆ ಬಿಟ್ಟುಕೊಡು. ಅವಳಿಗೆ ನಾನೇ ನಾಲ್ಕು ಸಾಲು ಬರೆದಿದ್ದೇನೆ, ಉತ್ತರ ಬೇಡ ಅಂತಲೂ ಬರೆದಿದ್ದೇನೆ.

ಪ್ರತಿವರ್ಷ ಹೊಸ ಹುಡುಗಿಯರನ್ನು ಕೂರಿಸಿ ಹುಷಾರಾಗಿರುವುದು ಹೇಗೆ ಅಂತ ಮಾತಾಡುತ್ತಿದ್ದೆ. ಮೊನ್ನೆ ಹುಡುಗರ ಹಾಸ್ಟೆಲ್ಲಿಗೆ ಹೋದೆ. ಅವರ ವಾರ್ಡನ್ನು, “ಇಲ್ಲೇನು ಕೆಲಸ ಮೇಡಂ?” ಅಂದರು. ಇಲ್ಲೇ ಕೆಲಸ ಅಂದೆ. ನಿನ್ನ ಹೆಸರು ಹೇಳಲಿಲ್ಲ. ಸ್ನೇಹಿತ ಬಂದು, ‘ನೀನು ಹೀಗೆ ಹೇಳು ಸಾಕು’ ಅಂದಾಗ ಏನು ಮಾಡುತ್ತೀರಿ ಅಂತ ಮಾತ್ರ ಕೇಳಿದೆ. ಹಿಂದಿನ ಬೆಂಚಿನಲ್ಲಿ ಕೆಲವರು ನಕ್ಕರು. ಒಬ್ಬ ಹೊರಗೆ ಬಂದು ಬಹಳ ಹೊತ್ತು ನನ್ನ ಜೊತೆಗೇ ನಡೆದ, ಏನೋ ಹೇಳಲು ಬಾಯಿ ತೆಗೆದ, ಹಾಸ್ಟೆಲ್ಲಿನ ನಲ್ಲಿ ಕೆಟ್ಟಿದೆ ಅಂದ. ನಾಳೆ ಮತ್ತೆ ಹೋಗುತ್ತೇನೆ.

ಕನ್ನಡಕ ಹಾಕಿಕೊಂಡೇ ಗೇಟಿಗೆ ಬಾ. ಹೇಗೆ ಕಾಣುತ್ತೀಯ ಅಂತ ನಾನಿನ್ನೂ ನೋಡಿಲ್ಲ.

ನಿನ್ನ,
ಅಮ್ಮ

ಡಿಸೆಂಬರ್ 12

ಆಂಟಿ,

ಉತ್ತರ ಬೇಡ ಅಂತ ಬರೆದಿದ್ದಿರಿ. ಅದಕ್ಕೇ ಬರೆಯಬೇಕು ಅನ್ನಿಸಿತು. ಉತ್ತರ ಕೇಳುವವರ ಕಾಟವೇ ಜಾಸ್ತಿಯಾಗಿದೆ ನನಗೆ.

ನಾನು ಊರಿಗೆ ಹೋಗಿಲ್ಲ, ಇಲ್ಲೇ ಇದ್ದೇನೆ. ಸಮಿತಿಯವರು ಅವನ ಮೇಲಿನ ದೂರು ನಿಜ ಅಂತ ಬರೆದುಕೊಟ್ಟರು. ಪೊಲೀಸರಿಗೆ ಕೊಟ್ಟದ್ದು ಬೇರೆ ನಡೆಯುತ್ತಿದೆ. ಅವನ ಕಡೆಯವರು ಮೇಲಿನವರ ಹತ್ತಿರ ಹೋಗಿದ್ದಾರಂತೆ. ಅದು ಇನ್ನೂ ಎಷ್ಟು ದಿನವೋ. ತರಗತಿಯಲ್ಲಿ ಬಾಗಿಲ ಹತ್ತಿರದ ಜಾಗ ಹಿಡಿಯುತ್ತೇನೆ. ಕೆಲವು ದಿನ ಪಾಠ ಕೇಳಿಸುತ್ತದೆ, ಕೆಲವು ದಿನ ಇಲ್ಲ. ಹೋದ ವಾರ ಕೋಣೆಯವಳ ಜೊತೆ ಜಗಳವಾಡಿ ಒಂದು ಗಂಟೆ ಬಾಯಿ ಮಾಡಿದೆನಂತೆ. ಅವಳು ಖುಷಿಯಿಂದ ಅತ್ತಳು.

ನಿಮ್ಮ ಮಗ ಮೊದಲ ಸಲ ಹೇಳಿದ್ದನ್ನು ಸಮಿತಿಯಲ್ಲಿ ನನಗೆ ಓದಿ ಹೇಳಿದ್ದರು. ಅವನು ಗೇಟಿನ ಹತ್ತಿರ ಕೂತಿದ್ದು ನನಗೆ ನೆನಪಿತ್ತು. ಒಳಗೆ ಬೀಗ ಹಾಕುತ್ತಿದ್ದವನೇ ಅವನು ಅಂದಮೇಲೆ ಗೇಟಿನಲ್ಲಿ ಕೂತವರು ಯಾರು? ಅವನು ಸುಳ್ಳು ಹೇಳುವವನಲ್ಲ, ಹಾಗಾದರೆ ನನ್ನ ನೆನಪೇ ಸುಳ್ಳಿರಬೇಕು. ಅದು ಸುಳ್ಳಾದರೆ ಉಳಿದದ್ದು? ಒಂದು ತಿಂಗಳು ನನ್ನ ತಲೆಯನ್ನು ನಾನೇ ನಂಬಲಿಲ್ಲ ಆಂಟಿ. ಅವನು ಬಂದು ನಿಜ ಹೇಳಿದ ದಿನ ಮೊದಲು ಬಂದದ್ದು ಸಿಟ್ಟಲ್ಲ. ಸದ್ಯ, ನನಗೆ ತಲೆ ಕೆಟ್ಟಿಲ್ಲ ಅನ್ನಿಸಿತು. ಸಿಟ್ಟು ಆಮೇಲೆ ಬಂತು. ಇನ್ನೂ ಹೋಗಿಲ್ಲ.

ನೀವು ಅವನ ಪರವಾಗಿ ಏನೂ ಕೇಳಲಿಲ್ಲ. ಅದಕ್ಕೆ ನಿಮ್ಮ ಮೇಲೆ ಪ್ರೀತಿ ಹಾಗೇ ಇದೆ. ಅಡುಗೆಮನೆಯ ಕಟ್ಟೆಗೂ ಯಾವತ್ತೋ ಒಂದು ದಿನ ಬರುತ್ತೇನೆ, ಅವನು ಮನೆಯಲ್ಲಿ ಇಲ್ಲದಾಗ. ನಿಮ್ಮ ದಾರಿಗೆ ದೀಪ ಬಂತಾ?

ಅವನನ್ನು ಕ್ಷಮಿಸಿದ್ದೇನೆ ಅಂತ ಹೇಳಬೇಡಿ. ಕ್ಷಮಿಸಿಲ್ಲ. ಒಂದು ಮಾತು ಮಾತ್ರ ಹೇಳಿ. ಅವತ್ತು ಅವನು ಕೂಗಿದ್ದು ನನಗೆ ಕೇಳಿಸಿತ್ತು. ಹಿಂದಕ್ಕೆ ತಿರುಗಿದರೆ ಬಿದ್ದುಬಿಡುತ್ತೇನೆ ಅನ್ನಿಸಿ ತಿರುಗಲಿಲ್ಲ. ಅವನು ಎದ್ದು ಬರಬಹುದು ಅಂತ, ಗೇಟು ದಾಟುವವರೆಗೂ ನಿಧಾನವಾಗಿ ನಡೆದೆ.

ಇತಿ,
ರೇಡಿಯೊ